ಬೌಂಡರಿನಾ, ಬಾರ್ಡರಾ? ಚೆಕ್ಕುಬಂದಿಗೆ ಇಂಗ್ಲಿಷಿನಲ್ಲಿ ಏನು ಬರೆಯಬೇಕು?

ತೆಂಗಿನಗರಿ:

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯ ಮೂರು ದಿನದಿಂದ ತಲೆ ಕೊರೆಯುತ್ತಿದೆ. ಗೊತ್ತಿದ್ದವರು ಬಿಡಿಸಿ ಹೇಳಬೇಕು.

ನಮ್ಮದು ತಿಪಟೂರು ಕಡೆ ತೆಂಗಿನ ತೋಟ. 2 ಎಕರೆ 14 ಗುಂಟೆ. ಅಪ್ಪ ಹೋದ ಮೇಲೆ ಈಗ ಭಾಗ ಮಾಡಿಕೊಳ್ಳುತ್ತಿದ್ದೇವೆ. ಜಗಳ ಏನೂ ಇಲ್ಲ. ಅಣ್ಣ ಮೆಲ್ಬರ್ನ್‌ನಲ್ಲಿದ್ದಾನೆ. ಅತ್ತಿಗೆಗೆ ಕನ್ನಡ ಓದಲು ಬರುವುದಿಲ್ಲ, ಮಕ್ಕಳಿಗೂ ಬರುವುದಿಲ್ಲ. "ವಿಭಾಗ ಪತ್ರದ ಕರಡನ್ನು ಇಂಗ್ಲಿಷಿಗೆ ಮಾಡಿ ಕಳಿಸು, ಇವರೂ ಓದಲಿ" ಅಂತ ಅಣ್ಣ ಹೇಳಿದ. ನಾನು ಒಪ್ಪಿಕೊಂಡೆ.

ಪತ್ರದಲ್ಲಿ ಚೆಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆಯ ವಿವರ, ಹೀಗಿದೆ: ಪೂರ್ವಕ್ಕೆ ಸರ್ಕಾರಿ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಚಿಕ್ಕಪ್ಪನವರ ಜಮೀನು, ದಕ್ಷಿಣಕ್ಕೆ ಇದೇ ಸರ್ವೆ ನಂಬರಿನ ಉಳಿಕೆ ಜಮೀನು.

ನಾನು "ಈಸ್ಟ್ ಬಾರ್ಡರ್, ವೆಸ್ಟ್ ಬಾರ್ಡರ್" ಅಂತ ನಾಲ್ಕೂ ದಿಕ್ಕಿಗೆ ಬರೆದೆ. ಅಣ್ಣ ಅದನ್ನು ಅಲ್ಲಿನ ತನ್ನ ಗೆಳೆಯನಿಗೆ ತೋರಿಸಿದ. ಅವರು ವಕೀಲರು. ನಾಲ್ಕೂ ಕಡೆ "ಬಾರ್ಡರ್" ಹೊಡೆದು ಹಾಕಿ "ಬೌಂಡರಿ" ಅಂತ ಬರೆದು ವಾಪಸ್ ಕಳಿಸಿದರು. ಕಾರಣ ಬರೆದಿಲ್ಲ.

ನನಗೆ ಎರಡೂ ಗಡಿಯೇ. ಅಮ್ಮ ಪಕ್ಕದಲ್ಲೇ ಕೂತಿದ್ದರು. "ಸೀರೆಗೆ ಬಾರ್ಡರ್ ಅಂತೀರಿ, ದೇಶಕ್ಕೆ ಬಾರ್ಡರ್ ಅಂತೀರಿ, ನಮ್ಮ ತೋಟಕ್ಕೆ ಯಾಕೆ ಅನ್ನಬಾರದು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು. ಇಂಗ್ಲಿಷನ್ನು ಕಷ್ಟಪಟ್ಟು ಕಲಿತಿದ್ದೇನೆ. ಹಾಗಾಗಿ ಸುಮ್ನೆ ತಿದ್ದಿಕೊಂಡು ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಎಲ್ಲಿ ಬೌಂಡರಿ, ಎಲ್ಲಿ ಬಾರ್ಡರ್? ಫ್ರಾಂಟಿಯರ್ ಅಂತ ಇನ್ನೊಂದಿದೆಯಲ್ಲ, ಅದು ಯಾವಾಗ?

ಪದಜೋಳಿಗೆ:

ನಿಘಂಟು ತೆಗೆದರೆ ಎರಡಕ್ಕೂ ಗಡಿ, ಎಲ್ಲೆ, ಮೇರೆ, ಸೀಮೆ ಅಂತಲೇ ಇರುತ್ತದೆ. ದೊಡ್ಡ ವ್ಯತ್ಯಾಸ ಇಲ್ಲ ಅನ್ನಿಸುತ್ತದೆ. ವಕೀಲರ ಭಾಷೆಯಲ್ಲಿ ಬೌಂಡರಿ ರೂಢಿ, ಅಷ್ಟೆ. ತಿದ್ದಿದ್ದನ್ನೇ ಇಟ್ಟುಕೊಳ್ಳಿ.

ಸಂಡೇ ಅಂಪೈರ್:

ಇಲ್ಲ, ವ್ಯತ್ಯಾಸ ಇದೆ. ಕ್ರಿಕೆಟ್‌ನಿಂದ ಹೇಳುತ್ತೇನೆ. ಮೈದಾನ ಎಲ್ಲಿ ಮುಗಿಯುತ್ತದೋ ಅದು ಬೌಂಡರಿ. ಚೆಂಡು ಹಗ್ಗ ಮುಟ್ಟಿದರೆ ಸಾಕು, ಆಚೆ ಹೋಗಲೇಬೇಕು ಅಂತಿಲ್ಲ. ಹಗ್ಗದ ಆಚೆ ಏನಿದೆ ಅನ್ನುವುದು ನಿಯಮಕ್ಕೆ ಬೇಕಾಗಿಲ್ಲ. ಆಚೆ ಗ್ಯಾಲರಿ ಇರಲಿ, ಕೆರೆ ಇರಲಿ. ಆಟದ ಜಾಗ ಇಲ್ಲಿಗೆ ನಿಂತಿತು ಅನ್ನುವುದಷ್ಟೇ ಮುಖ್ಯ. ಗಂಡಸರ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅದು ಪಿಚ್‌ನ ಮಧ್ಯದಿಂದ 65 ಗಜಕ್ಕಿಂತ ಹತ್ತಿರ ಇರಬಾರದು, 90 ಗಜಕ್ಕಿಂತ ದೂರ ಇರಬಾರದು.

ಇನ್ನೊಂದು. ನಾವು ಕನ್ನಡದಲ್ಲಿ ಬೌಂಡರಿ ಅಂದರೆ ನಾಲ್ಕು ರನ್, ಆರಕ್ಕೆ ಸಿಕ್ಸರ್ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಎರಡೂ ಬೌಂಡರಿಯೇ. 2019ರ ವಿಶ್ವಕಪ್ ಫೈನಲ್ ನೆನಪಿದೆಯಾ? ಲಾರ್ಡ್ಸ್‌ನಲ್ಲಿ ಎರಡೂ ತಂಡ 241. ಸೂಪರ್ ಓವರ್‌ನಲ್ಲೂ 15, 15. ಕೊನೆಗೆ ಬೌಂಡರಿ ಲೆಕ್ಕ ಹಾಕಿದರು. ಇಂಗ್ಲೆಂಡ್ 26, ನ್ಯೂಜಿಲೆಂಡ್ 17. ಆ ಲೆಕ್ಕದಲ್ಲಿ ಸಿಕ್ಸರ್‌ಗಳೂ ಸೇರಿದ್ದವು. ನಮ್ಮ ಹುಡುಗರು ಎಷ್ಟೋ ಜನ ಆವತ್ತು ಬರೀ ನಾಲ್ಕುಗಳನ್ನು ಎಣಿಸಿ "ಲೆಕ್ಕ ತಪ್ಪಿದೆ" ಅಂತ ವಾದ ಮಾಡುತ್ತಿದ್ದರು. ಒಂದು ಪದವನ್ನು ನಾವು ಚಿಕ್ಕದು ಮಾಡಿಕೊಂಡಿದ್ದರಿಂದ ಆದ ಗೊಂದಲ ಅದು.

ಮೂವತ್ಮೂರಡಿ ಚೈನು:

ಅಮ್ಮಾ, ನಿಮ್ಮ ಪ್ರಶ್ನೆ ನೋಡಿ ಬಹಳ ಖುಷಿ ಆಯಿತು. ನಾನು 34 ವರ್ಷ ಭೂಮಾಪಕನಾಗಿದ್ದವನು. ಹಾಸನ, ತುಮಕೂರು ಜಿಲ್ಲೆಗಳಲ್ಲೇ ಜಾಸ್ತಿ ಕೆಲಸ ಮಾಡಿದೆ. ಈ ಎರಡು ಪದದ ನಡುವೆ ಇರುವ ವ್ಯತ್ಯಾಸವನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಬದುವಿನ ಮೇಲೆ ನಿಂತು ಕಲಿತದ್ದು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಅರಸೀಕೆರೆ ಕಡೆ ಒಂದು ಊರು. ಅಣ್ಣ ತಮ್ಮ, ಅಕ್ಕಪಕ್ಕದ ಹೊಲ. ಬೇರೆ ಬೇರೆ ಸರ್ವೆ ನಂಬರು. ನಡುವೆ ಬದು. ಅವರ ಅಪ್ಪನ ಕಾಲದಲ್ಲಿ ಆ ಬದುವಿನ ಮೇಲೆ ಎತ್ತು ಹೊಡೆದುಕೊಂಡು ಹೋಗುತ್ತಿದ್ದರಂತೆ. ನಾನು ಹೋದಾಗ ಒಬ್ಬ ಮನುಷ್ಯ ಕಾಲಿಗೆ ಕಾಲು ಜೋಡಿಸಿ ನಡೆಯಬೇಕಿತ್ತು, ಅಷ್ಟು ಸಣ್ಣಗಾಗಿತ್ತು. ಉಳುವಾಗ ಆಚೆಯಿಂದ ಒಂದು ಸಾಲು, ಈಚೆಯಿಂದ ಒಂದು ಸಾಲು. ಮಳೆಗೆ ಬದು ಒಡೆದಾಗ ಮತ್ತೆ ಮಣ್ಣು ಹಾಕುತ್ತಿದ್ದರು. ಹಾಕುವಾಗ ಅದು ಸ್ವಲ್ಪ ಸ್ವಲ್ಪ ಸರಿಯುತ್ತಿತ್ತು. ಯಾರೂ ಬೇಕಂತ ಮಾಡಿದ್ದಲ್ಲ. ಆದರೂ ಇಬ್ಬರೂ ಮಾತು ಬಿಟ್ಟಿದ್ದರು. ಹದ್ದುಬಸ್ತಿಗೆ, ಅಂದರೆ ಎಲ್ಲೆ ಅಳೆದು ಗುರುತಿಸಿಕೊಡಿ ಅಂತ, ಅರ್ಜಿ ಹಾಕಿದ್ದರು.

ನಾನು ಟಿಪ್ಪಣಿ ತೆಗೆದುಕೊಂಡು ಹೋದೆ. ಟಿಪ್ಪಣಿ ಅಂದರೆ ಮೂಲ ಸರ್ವೆಯಲ್ಲಿ ಬರೆದಿಟ್ಟ ಅಳತೆ. ನಮ್ಮ ಕಡೆ ಚೈನು 33 ಅಡಿ, ಅದರಲ್ಲಿ 16 ಆಣೆ. ಒಂದು ಚೈನು ಉದ್ದ, ಒಂದು ಚೈನು ಅಗಲ ಆದರೆ ಒಂದು ಗುಂಟೆ, ಅಂದರೆ 1089 ಚದರಡಿ. ಅಂಥ 40 ಸೇರಿದರೆ ಎಕರೆ. ಮೂಲೆಯಲ್ಲಿ ಎಲ್ಲೆ ಗುರುತಿಗೆ ನೆಟ್ಟ ಬಾಂದು ಕಲ್ಲು ಗಟ್ಟಿಯಾಗಿ ಸಿಕ್ಕಿತು. ಅಲ್ಲಿಂದ 7 ಚೈನು 5 ಆಣೆ ಹಿಡಿದೆ. ಚೈನು ಬಂದು ನಿಂತದ್ದು ಬದುವಿನ ಮೇಲೆ ಅಲ್ಲ. ತಮ್ಮನ ರಾಗಿ ಹೊಲದೊಳಗೆ, ಬದುವಿನಿಂದ ನಾಲ್ಕು ಅಡಿ ಈಚೆ. "ಇಲ್ಲಿ ಅಗೆಯಿರಿ" ಅಂದೆ. ಹಾರೆ ಹಾಕಿದರು. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಠಣ್ ಅಂತು. ತಮ್ಮ ಕೆಳಗೆ ಕೂತು ಕೈಯಿಂದಲೇ ಮಣ್ಣು ಬಳಿದ. ಕಲ್ಲಿನ ತಲೆ ಕಾಣಿಸಿತು. ಅವನು ಏನೂ ಮಾತಾಡಲಿಲ್ಲ. ಅಣ್ಣನೂ ಮಾತಾಡಲಿಲ್ಲ.

ಆ ಕಲ್ಲಿನಿಂದ ಈ ಕಲ್ಲಿಗೆ ಎಳೆದ ಗೆರೆ ಬೌಂಡರಿ. ಅದಕ್ಕೆ ಉದ್ದ ಇದೆ, ಅಗಲ ಇಲ್ಲ. ಅದರ ಮೇಲೆ ಯಾರೂ ನಿಲ್ಲಲು ಆಗುವುದಿಲ್ಲ, ಹುಲ್ಲು ಬೆಳೆಯುವುದಿಲ್ಲ, ಅದು ಮಳೆಗೆ ಕೊಚ್ಚಿ ಹೋಗುವುದಿಲ್ಲ. ಬದು ಇದೆಯಲ್ಲ, ಅದು ಬಾರ್ಡರ್. ಅದಕ್ಕೆ ಅಗಲ ಇದೆ. ಅದರ ಮೇಲೆ ತಂಗಡಿ ಗಿಡ ಬೆಳೆಯುತ್ತದೆ, ದನ ಮೇಯುತ್ತದೆ, ಜನ ಬುತ್ತಿ ಬಿಚ್ಚಿ ಊಟ ಮಾಡುತ್ತಾರೆ. ಬದು ಸರಿಯುತ್ತದೆ. ಗೆರೆ ಸರಿಯುವುದಿಲ್ಲ.

ಈಗ ನಿಮ್ಮ ಪೂರ್ವ ದಿಕ್ಕು ನೋಡಿ. ಸರ್ಕಾರಿ ಹಳ್ಳ. ಹಳ್ಳಕ್ಕೆ ಅಗಲ ಇದೆ, ಮಳೆಗಾಲದಲ್ಲಿ ಪಾತ್ರ ಬದಲಿಸಲೂಬಹುದು. ಹಳ್ಳವೇ ನಿಮ್ಮ ಬೌಂಡರಿ ಅಲ್ಲ. ಹಳ್ಳದ ಕಡೆಗೆ ನಿಮ್ಮ ಜಮೀನು ನಿಲ್ಲುವ ಗೆರೆ ನಿಮ್ಮ ಬೌಂಡರಿ. ಅದಕ್ಕೇ ಇಂಗ್ಲಿಷ್ ಕ್ರಯಪತ್ರಗಳಲ್ಲಿ "ಬೌಂಡೆಡ್ ಆನ್ ದಿ ಈಸ್ಟ್ ಬೈ" ಅಂತ ಬರೆದು ಆಮೇಲೆ ಹಳ್ಳದ ಹೆಸರು ಬರೆಯುತ್ತಾರೆ. ಹಳ್ಳ ನಿಮ್ಮ ಜಮೀನನ್ನು ಆ ಕಡೆ ತಡೆದು ನಿಲ್ಲಿಸಿದೆ ಅಂತ ಅರ್ಥ. ನಮ್ಮ ಚೆಕ್ಕುಬಂದಿಯೂ ಅದೇ ಕೆಲಸ ಮಾಡುತ್ತದೆ. ನಾಲ್ಕು ದಿಕ್ಕು ಕಟ್ಟಿ ಹಾಕುವುದು. ಕೋರ್ಟಿನಲ್ಲಿ ಭಾಗ ಮಾಡಿಕೊಡುವಾಗ "ಮೀಟ್ಸ್ ಅಂಡ್ ಬೌಂಡ್ಸ್ ಪ್ರಕಾರ", ಅಂದರೆ ಅಳತೆ ಮತ್ತು ಎಲ್ಲೆ ಪ್ರಕಾರ, ಅಂತ ವಕೀಲರು ಹೇಳುವುದು ಕೇಳಿರುತ್ತೀರಿ. ಆ ಬೌಂಡ್ಸ್‌ನಿಂದಲೇ ಬೌಂಡರಿ. ಪತ್ರದಲ್ಲಿ ಬರೆದ ವಿಸ್ತೀರ್ಣಕ್ಕೂ ಚೆಕ್ಕುಬಂದಿಗೂ ತಾಳೆ ಬರದಿದ್ದರೆ ಸಾಮಾನ್ಯವಾಗಿ ಚೆಕ್ಕುಬಂದಿಗೇ ಬೆಲೆ ಜಾಸ್ತಿ. ಅಷ್ಟು ತೂಕ ಇರುವ ಪದ ಇದು. ನಿಮ್ಮ ಅಣ್ಣನ ಗೆಳೆಯರು ತಿದ್ದಿದ್ದು ಸರಿ. ಆದರೆ ಕಾರಣ ಬರೆಯಬೇಕಿತ್ತು.

ಇನ್ನು ಸೇರಿಸುವುದಾದರೆ, ಹಳೇ ಕಾಲದವರಿಗೂ ಈ ಗೆರೆಯ ಬಗ್ಗೆ ಇಷ್ಟೇ ಕಾಳಜಿ ಇತ್ತು. ಹಾಸನ ಜಿಲ್ಲೆಯ ಹೊಲಗಳಲ್ಲಿ ನಾನು ಲಿಂಗಮುದ್ರೆ ಕಲ್ಲು ಕಂಡಿದ್ದೇನೆ. ಶಿವನ ಗುಡಿಗೆ ಬಿಟ್ಟ ಭೂಮಿಯ ಎಲ್ಲೆಗೆ ಲಿಂಗಮುದ್ರೆ ಕಲ್ಲು. ವೈಷ್ಣವ ಗುಡಿಗೆ, ಬ್ರಾಹ್ಮಣರಿಗೆ ಕೊಟ್ಟದ್ದಾದರೆ ವಾಮನಮುದ್ರೆ, ಕೈಯಲ್ಲಿ ಕೊಡೆ ಕಮಂಡಲ ಹಿಡಿದ ವಾಮನ. ಬಸದಿಗೆ ಕೊಟ್ಟದ್ದಾದರೆ ಮುಕ್ಕೊಡೆ ಕಲ್ಲು. ಓದು ಬರದವನಿಗೂ ಕಲ್ಲು ನೋಡಿದರೆ ಇದು ಯಾರ ಎಲ್ಲೆ ಅಂತ ಗೊತ್ತಾಗುತ್ತಿತ್ತು.

ಒಂದು ಬೇರೆ ಮಾತು. ದಕ್ಷಿಣಕ್ಕೆ "ಇದೇ ಸರ್ವೆ ನಂಬರಿನ ಉಳಿಕೆ ಜಮೀನು" ಅಂತಿದೆ. ಅಂದರೆ ಅಲ್ಲಿ ಮೂಲ ಸರ್ವೆಯ ಕಲ್ಲು ಇರುವುದಿಲ್ಲ. ಪೋಡಿ, ಅಂದರೆ ಸರ್ವೆ ನಂಬರನ್ನು ಅಳೆದು ಭಾಗ ಮಾಡುವ ಕೆಲಸ, ಆಗಿದೆಯಾ ಕೇಳಿ. ಆಗಿಲ್ಲದಿದ್ದರೆ ನೋಂದಣಿಗೆ ಮುಂಚೆ, ನಿಮ್ಮ ತುಂಡನ್ನು ಅಳೆದು ತೋರಿಸುವ 11ಇ ನಕ್ಷೆ ಮಾಡಿಸಿಕೊಳ್ಳಿ. ಪದ ಸರಿಯಾಗಿ ಬರೆದು ಗೆರೆ ಇಲ್ಲದಿದ್ದರೆ ಪ್ರಯೋಜನ ಇಲ್ಲ.

ಕೊಂಡಿ:

ಚೈನು ಸರ್ ಹೇಳಿದ "ಅಗಲ" ಅನ್ನುವ ಮಾತು ನನಗೆ ತಟ್ಟಿತು. ನಮ್ಮದು ಇಳಕಲ್, ನೇಕಾರರ ಮನೆ. ಅಮ್ಮನವರ ಪ್ರಶ್ನೆಗೆ, ಸೀರೆಗೆ ಯಾಕೆ ಬಾರ್ಡರ್ ಅನ್ನುವುದಕ್ಕೆ, ನಾನು ಉತ್ತರ ಕೊಡಬಹುದು.

ಸೀರೆಯ ಬಾರ್ಡರ್‌ಗೆ ನಾವು ದಡಿ ಅನ್ನುತ್ತೇವೆ. ನಿಮ್ಮ ಕಡೆ ಅಂಚು ಅಂತೀರಿ. ದಡಿ ಅಂದರೆ ಬಟ್ಟೆ ಮುಗಿಯುವ ಗೆರೆ ಅಲ್ಲ. ಮುಗಿಯುವುದಕ್ಕೆ ಮುಂಚೆ ಬರುವ ಪಟ್ಟಿ. ಅದಕ್ಕೇ ಬೇರೆ ನೂಲು, ಬೇರೆ ಬಣ್ಣ, ಬೇರೆ ಹೆಸರು. ಚಿಕ್ಕಿ ದಡಿ, ಗೋಮಿ ದಡಿ ಅಂತ. ನೇಯುವಾಗ ಹೆಚ್ಚು ಕಣ್ಣು ಇಡಬೇಕಾದ ಜಾಗ ಅದು. ನಮ್ಮ ಅಜ್ಜಿ ಅಂಗಡಿಯಲ್ಲಿ ಸೀರೆ ನೋಡಿದರೆ ಮೊದಲು ದಡಿ ಹಿಡಿದು ಹೆಬ್ಬೆರಳಲ್ಲಿ ಉಜ್ಜುತ್ತಿದ್ದರು, ಆಮೇಲೆ ಸೆರಗು, ಒಡಲು ಕೊನೆಗೆ. ಅಂಥ ಜಾಗಕ್ಕೆ ಬೌಂಡರಿ ಅನ್ನಲು ಆಗುವುದಿಲ್ಲ ಅಲ್ವಾ? ಬೌಂಡರಿಯನ್ನು ಯಾರೂ ನೇಯಲು ಆಗುವುದಿಲ್ಲ.

ಚಂದ್ರಗಿರಿ ಟೀಚರ್:

ನಾನು ಕಾಸರಗೋಡಿನಲ್ಲಿ ಕನ್ನಡ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಚೈನು ಸರ್ ಹೇಳಿದ್ದು ಬಹುಮಟ್ಟಿಗೆ ಸರಿ. ಒಂದು ತಿದ್ದುಪಡಿ ಮಾತ್ರ. ದೇಶಗಳ ವಿಷಯಕ್ಕೆ ಬಂದಾಗ ಇಂಗ್ಲಿಷಿನವರು ಗೆರೆಗೂ ಬಾರ್ಡರ್ ಅನ್ನುತ್ತಾರೆ. "ಕ್ರಾಸ್ ದಿ ಬಾರ್ಡರ್" ಅಂದರೆ ಗೆರೆಯನ್ನೇ ದಾಟುವುದು. ಆದರೆ ಆಗಲೂ ಒಂದು ವಿಷಯ ಇರುತ್ತದೆ. ಬಾರ್ಡರ್ ಅಂದ ತಕ್ಷಣ ಆಚೆ ಇನ್ನೊಬ್ಬರು ಇದ್ದಾರೆ. ಎರಡು ಕಡೆ ಸೇರಿದರೇ ಬಾರ್ಡರ್. ಬೌಂಡರಿಗೆ ಒಂದೇ ಕಡೆ ಸಾಕು.

ಮಕ್ಕಳಿಗೆ ನಾನು ಎರಡು ಹೆಸರು ಬರೆದು ತೋರಿಸುತ್ತೇನೆ. ಭಾರತ ಮತ್ತು ಬಾಂಗ್ಲಾದೇಶ 1974ರಲ್ಲಿ ಒಪ್ಪಂದ ಮಾಡಿಕೊಂಡವು. ಅದು ಪೂರ್ತಿ ಜಾರಿಗೆ ಬಂದದ್ದು 2015ರಲ್ಲಿ. ಆಗ ಅವರ ನೆಲದೊಳಗಿದ್ದ ನಮ್ಮ 111 ತುಂಡು, ನಮ್ಮ ನೆಲದೊಳಗಿದ್ದ ಅವರ 51 ತುಂಡು ಕೈ ಬದಲಾದವು. ಆ ಒಪ್ಪಂದದ ಹೆಸರು ಲ್ಯಾಂಡ್ ಬೌಂಡರಿ ಅಗ್ರಿಮೆಂಟ್. ಯಾಕೆಂದರೆ ಅದು ಗೆರೆ ಎಲ್ಲಿ ಅಂತ ತೀರ್ಮಾನಿಸುವ ಕೆಲಸ. ಆದರೆ ಆ ಗೆರೆಯ ಪಕ್ಕ ಬಂದೂಕು ಹಿಡಿದು ನಿಲ್ಲುವವರು 1965ರಲ್ಲಿ ಶುರುವಾದ ಬಾರ್ಡರ್ ಸೆಕ್ಯುರಿಟಿ ಫೋರ್ಸ್. ಯಾಕೆಂದರೆ ನಿಲ್ಲಲು ಜಾಗ ಬೇಕು. ಕನ್ನಡದಲ್ಲಿ ಎರಡಕ್ಕೂ ಗಡಿ ಅಂತಲೇ ಬರೆಯುತ್ತೇವೆ. ಭೂಗಡಿ ಒಪ್ಪಂದ, ಗಡಿ ಭದ್ರತಾ ಪಡೆ. ನಿಮಗೆ ಗೊಂದಲ ಆಗಿದ್ದು ಇಂಗ್ಲಿಷ್ ಬರದೆ ಅಲ್ಲ. ನಮ್ಮ ಗಡಿ ಅನ್ನುವ ಪದ ಎರಡೂ ಭಾರ ಹೊರುತ್ತದೆ, ಅದಕ್ಕೆ.

ಆದರೆ ಕನ್ನಡಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ ಅಂತ ದಯವಿಟ್ಟು ತಿಳಿಯಬೇಡಿ. "ಎಲ್ಲೆ ಮೀರಿದ ಸಂತೋಷ" ಅಂತೀವಿ, "ಅಂಚು ಮೀರಿದ ಸಂತೋಷ" ಅನ್ನುವುದಿಲ್ಲ. ಇಂಗ್ಲಿಷಿನಲ್ಲೂ ಹಾಗೆಯೇ, ಬೌಂಡ್‌ಲೆಸ್ ಜಾಯ್ ಅನ್ನುತ್ತಾರೆ, ಬಾರ್ಡರ್‌ಲೆಸ್ ಜಾಯ್ ಅನ್ನುವುದಿಲ್ಲ. ಡಾಕ್ಟರು "ಶುಗರ್ ಬಾರ್ಡರ್‌ನಲ್ಲಿದೆ" ಅಂದರೆ ನಮಗೆ ತಕ್ಷಣ ಅರ್ಥ ಆಗುತ್ತದೆ. ಖಾಲಿ ಹೊಟ್ಟೆಯಲ್ಲಿ 100ರಿಂದ 125ರ ನಡುವೆ ಇದೆ, ಕಾಯಿಲೆ ಇನ್ನೂ ಬಂದಿಲ್ಲ, ಹತ್ತಿರದಲ್ಲಿದೆ ಅಂತ. ಅದೂ ಒಂದು ಪಟ್ಟಿ, ಗೆರೆ ಅಲ್ಲ. ಹಾಗೇ ಈಗಿನ ಮಕ್ಕಳು "ನನ್ನ ಬೌಂಡರಿ ದಾಟಬೇಡ" ಅನ್ನುತ್ತಾರೆ. ಅಲ್ಲಿ ಬಾರ್ಡರ್ ಹಾಕಿ ನೋಡಿ, ಕೂರುವುದಿಲ್ಲ. ನಾನು ಇಲ್ಲಿಗೆ ನಿಲ್ಲುತ್ತೇನೆ ಅನ್ನುವುದು ಬೌಂಡರಿ.

ಫ್ರಾಂಟಿಯರ್ ಕೇಳಿದ್ದಿರಿ. ಅದರ ಮೂಲ ಹಣೆ ಅನ್ನುವ ಅರ್ಥದ ಲ್ಯಾಟಿನ್ ಪದ. ದೇಶದ ಮುಖ ಎದುರು ನೋಡುವ ದಿಕ್ಕು. ಅಲ್ಲಿ ಗೆರೆಗಿಂತ ನಾಡು ಮುಖ್ಯ, ಅದೂ ರಾಜಧಾನಿಯಿಂದ ದೂರದ ನಾಡು. ವಾಯವ್ಯ ಗಡಿನಾಡಿನ ಸ್ವಾತಂತ್ರ್ಯ ಹೋರಾಟಗಾರ ಖಾನ್ ಅಬ್ದುಲ್ ಗಫಾರ್ ಖಾನರನ್ನು ಇಂಗ್ಲಿಷಿನಲ್ಲಿ ಫ್ರಾಂಟಿಯರ್ ಗಾಂಧಿ ಅಂದರು. ಕನ್ನಡದಲ್ಲಿ ಯಾರು ಮೊದಲು "ಗಡಿನಾಡ ಗಾಂಧಿ" ಅಂತ ಬರೆದರೋ, ಅವರಿಗೆ ಕೈ ಮುಗಿಯಬೇಕು. ಬರೀ "ಗಡಿ ಗಾಂಧಿ" ಅಂತ ಬರೆಯಲಿಲ್ಲ. "ನಾಡ" ಅಂತ ಸೇರಿಸಿದರು. ಆ ಒಂದು ಪದದಿಂದ ಅರ್ಥ ಸರಿಯಾಗಿ ಕೂತಿತು.

ನಾನೂ ಗಡಿನಾಡಿನವಳೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಹೇಳಿತು. ಅದು ಆಗಲಿಲ್ಲ. ನಮ್ಮ ಮನೆಯವರಿಗೆ ಆಸ್ಪತ್ರೆ, ಕಾಲೇಜು, ಮದುವೆ ಸೀರೆ ಎಲ್ಲಕ್ಕೂ ಮಂಗಳೂರೇ. ಗಡಿಯಲ್ಲಿರುವ ತಲಪಾಡಿ ದಾಟಿದ್ದು ನನಗೆ ಎಷ್ಟೋ ಸಲ ಗೊತ್ತೇ ಆಗುತ್ತಿರಲಿಲ್ಲ, ಬಸ್ಸಿನಲ್ಲಿ ನಿದ್ದೆ ಮಾಡಿರುತ್ತಿದ್ದೆ. ನಕ್ಷೆಯಲ್ಲಿ ಬೌಂಡರಿ ಇತ್ತು, ಅಷ್ಟೆ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂತು, ಗಡಿಯ ರಸ್ತೆಗಳಿಗೆ ಮಣ್ಣು ಬಿತ್ತು. ನಮ್ಮ ಓಣಿಯಲ್ಲಿ ಒಬ್ಬರಿಗೆ ವಾರಕ್ಕೆ ಎರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್ ಇತ್ತು. ಆವತ್ತು ಅವರ ಮಗ ಬೈಕಿನಲ್ಲಿ ಹೋಗಿ ಆ ಮಣ್ಣಿನ ಗುಡ್ಡೆ ನೋಡಿ ಬಂದು "ಟೀಚರ್, ಬಾರ್ಡರ್ ಹಾಕಿದ್ದಾರೆ" ಅಂದ. ಅವನು ಬೌಂಡರಿ ಅನ್ನಲಿಲ್ಲ. ಆ ವಾಕ್ಯವನ್ನು ನಾನು ಈಗಲೂ ಪಾಠದಲ್ಲಿ ಹೇಳುತ್ತೇನೆ.

ಪದಜೋಳಿಗೆ:

ನನ್ನ ಮೊದಲ ಉತ್ತರ ಅವಸರದ್ದಾಯಿತು, ಕ್ಷಮಿಸಿ. ಸೇರಿಸಲು ಒಂದೇ ಇದೆ. ಸೀಮೆ ಅನ್ನುವ ಪದವೂ ಎಲ್ಲೆ ಅಂತಲೇ ಶುರುವಾದದ್ದು. ದಸರೆಯಲ್ಲಿ ಸೀಮೋಲ್ಲಂಘನ ಅಂದರೆ ಊರಿನ ಎಲ್ಲೆ ದಾಟುವುದು. ಆಮೇಲೆ ಎಲ್ಲೆಯೊಳಗಿನ ನಾಡಿಗೇ ಸೀಮೆ ಅಂದರು, ಬಯಲುಸೀಮೆ ಅಂತ. ಕೊನೆಗೆ ಎಲ್ಲೆಯ ಆಚೆಯಿಂದ ಬಂದದ್ದಕ್ಕೂ ಅದೇ ಹೆಸರು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಒಂದೇ ಪದ ಗೆರೆ, ಒಳಗು, ಹೊರಗು ಮೂರೂ ಆಯಿತು.

ತೆಂಗಿನಗರಿ:

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಉತ್ತರಗಳನ್ನು ಅಮ್ಮನಿಗೆ ಓದಿ ಹೇಳಿದೆ. ದಡಿಯ ಮಾತು ಕೇಳಿ ಒಳಗೆ ಹೋಗಿ ತಮ್ಮ ಮದುವೆ ಸೀರೆ ತಂದು ಅಂಚು ಮುಟ್ಟಿ ನೋಡಿದರು. "ಹೌದು, ಇದಕ್ಕೆ ಅಗಲ ಇದೆ" ಅಂದರು.

ಕರಡನ್ನು ಮತ್ತೆ ಬರೆದಿದ್ದೇನೆ. "ಬೌಂಡೆಡ್ ಆನ್ ದಿ ಈಸ್ಟ್ ಬೈ ಗವರ್ನ್‌ಮೆಂಟ್ ಹಳ್ಳ" ಅಂತ ಶುರು. ಹಳ್ಳ ಅನ್ನುವುದನ್ನು ಹಾಗೇ ಬಿಟ್ಟಿದ್ದೇನೆ. ಅಣ್ಣನ ಮಕ್ಕಳು ಆ ಪದವನ್ನಾದರೂ ಕಲಿಯಲಿ.

ಚೈನು ಸರ್, ದಕ್ಷಿಣದ ಕಡೆ ಪೋಡಿ ಆಗಿಲ್ಲ. ನೀವು ಹೇಳದಿದ್ದರೆ ನಮಗೆ ಹೊಳೆಯುತ್ತಲೇ ಇರಲಿಲ್ಲ. 11ಇ ನಕ್ಷೆಗೆ ಅರ್ಜಿ ಹಾಕುತ್ತೇವೆ. ಉತ್ತರಕ್ಕೆ ಚಿಕ್ಕಪ್ಪನ ಕಡೆ ಕಲ್ಲು ಇದೆ. ಅಪ್ಪ ಪ್ರತಿ ವರ್ಷ ಅದಕ್ಕೆ ಸುಣ್ಣ ಬಳಿಯುತ್ತಿದ್ದರು. ನಾನು ಚಿಕ್ಕವಳಿದ್ದಾಗ ಅದು ದೇವರ ಕಲ್ಲು ಅಂತ ತಿಳಿದು ಹೂ ಇಡುತ್ತಿದ್ದೆ. ಎರಡು ವರ್ಷದಿಂದ ಯಾರೂ ಬಳಿದಿಲ್ಲ, ಗರಿ ಬಿದ್ದು ಮುಚ್ಚಿಹೋಗಿದೆಯಂತೆ.

ಮೂವತ್ಮೂರಡಿ ಚೈನು:

ಮೊದಲು ಆ ಗರಿ ತೆಗೆಸಿ, ಅಮ್ಮಾ. ಅಳತೆಗೆ ಬರುವವರಿಗೆ ಆ ಕಲ್ಲು ತೋರಿಸಿ, ಅಲ್ಲಿಂದಲೇ ಹಿಡಿಯಲು ಹೇಳಿ. ಚಿಕ್ಕಪ್ಪನವರೂ ಆ ದಿನ ಅಲ್ಲೇ ನಿಂತಿರಲಿ. ಸುಣ್ಣ ಬಳಿಯುವುದಾದರೆ ತಲೆಗೆ ಮಾತ್ರ ಬಳಿಯಿರಿ, ಬುಡ ಅಗೆಯಬೇಡಿ.